ಅರವತ್ತನಾಲ್ಕು ಚೀಟಿಗಳು

ನನ್ನ ಮೊಮ್ಮಗಳು ಹುಬ್ಬಳ್ಳಿಗೆ ಆಡಲು ಹೋಗುತ್ತಾಳೆ. ನಿನ್ನೆ ಮಧ್ಯಾಹ್ನ ಗಟ್ಟಿಯಾಯಿತು. ಪಟ್ಟಿಯಲ್ಲಿ ಅವಳ ಹೆಸರು ಎಲ್ಲರಿಗಿಂತ ಮೇಲೆ ಇದೆ. ಕಣ್ಣಾರೆ ನೋಡಿದೆ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಪೀರನವಾಡಿಯ ನಮ್ಮ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ, ಹಾಲಿನವನಿಗೆ ಎರಡು ಸಲ ಹೇಳಿದೆನಂತೆ. ಹೇಳಿದರೆ ಹೇಳಿದೆ. ಇನ್ನೂ ಹೇಳುವುದು ಉಳಿದಿದೆ ಅನ್ನಿಸಿ ಇದನ್ನು ಬರೆಯಲು ಕುಳಿತೆ.

ಇಷ್ಟು ಸಂತೋಷ ಇದ್ದರೂ ಬಾಯಲ್ಲಿ ಇನ್ನೂ ಕಹಿ ಇದೆ. ಕಳೆದ ಒಂದು ತಿಂಗಳಲ್ಲಿ ನನಗೆ ಬಂದಷ್ಟು ಹೇಸಿಗೆ ಇಷ್ಟು ವರ್ಷಗಳಲ್ಲಿ ಬಂದಿರಲಿಲ್ಲ. ಆ ಹೇಸಿಗೆಯಲ್ಲಿ ನನ್ನ ಪಾಲೂ ಇತ್ತು. ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಖಾನಾಪುರ ಕಡೆಯ ಬೀಡಿ ಅನ್ನುವ ಊರಿನಿಂದ ಬೆಳಗಾವಿಗೆ ಬಂದು ಕ್ಯಾಂಪ್ ಭಾಗದ ಒಂದು ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರಿದೆ. ಮೂವತ್ತು ವರ್ಷ ಇಸ್ಪೀಟಿನ ಕೋಣೆಯೇ ನನ್ನ ಕೆಲಸದ ಜಾಗ. ಇಸ್ಪೀಟು ಅಂದ ಕೂಡಲೇ ಜನ ಜೂಜು ಅಂತ ಮೂಗು ಮುರಿಯುತ್ತಾರೆ, ನನ್ನ ಹೆಂಡತಿಯೂ ಮುರಿಯುತ್ತಿದ್ದಳು. ಅಲ್ಲಿ ಆಡುತ್ತಿದ್ದದ್ದು ಬ್ರಿಜ್. ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ, ಮೇಜಿಗೆ ಎರಡು ಜೋಡಿ. ಹಣದ ಮಾತೇ ಇಲ್ಲ.

ಬಿಳಿ ಕೋಟು ತೊಟ್ಟು ಬೋರ್ಡು ಒಯ್ಯುವುದು ನನ್ನ ಕೆಲಸ. ಬೋರ್ಡು ಅಂದರೆ ನಾಲ್ಕು ಜೇಬಿನ ಒಂದು ಚಪ್ಪಟೆ ಹಲಗೆ. ಪ್ರತಿ ಜೇಬಿನಲ್ಲಿ ಹದಿಮೂರು ಎಲೆ. ಒಂದು ಮೇಜಿನಲ್ಲಿ ಆಡಿ ಮುಗಿದ ಮೇಲೆ ಎಲೆಗಳನ್ನು ಕಲೆಸುವುದಿಲ್ಲ. ಅವರವರ ಎಲೆಯನ್ನು ಅದೇ ಜೇಬಿಗೆ ಮರಳಿ ಇಡುತ್ತಾರೆ, ನಾನು ಆ ಬೋರ್ಡನ್ನು ಮುಂದಿನ ಮೇಜಿಗೆ ಒಯ್ಯುತ್ತೇನೆ. ಹೀಗೆ ಎಲ್ಲ ಮೇಜಿನವರೂ ಅದೇ ಎಲೆಗಳನ್ನೇ ಆಡುತ್ತಾರೆ. ಒಳ್ಳೆಯ ಎಲೆ ಬಂತು, ಕೆಟ್ಟ ಎಲೆ ಬಂತು ಅನ್ನುವ ಮಾತೇ ಉಳಿಯುವುದಿಲ್ಲ. ನಿನ್ನ ಎಲೆಯನ್ನೇ ಬೇರೆ ಮೇಜಿನಲ್ಲಿ ಹಿಡಿದವನು ಎಷ್ಟು ಮಾಡಿದ, ನೀನು ಎಷ್ಟು ಮಾಡಿದೆ, ಅಷ್ಟೇ ಲೆಕ್ಕ. ಬೋರ್ಡಿನ ಜೊತೆ ಒಂದು ಮಡಿಚಿದ ಚೀಟಿ ಓಡಾಡುತ್ತಿತ್ತು. ಪ್ರತಿ ಮೇಜಿನವರು ತಮ್ಮ ಅಂಕ ಅದರಲ್ಲಿ ಬರೆದು ಮಡಿಚುತ್ತಿದ್ದರು. ಕೊನೆಗೆ ಚೀಟಿ ಬಿಚ್ಚಿದಾಗ ಯಾರ ಕೈ ಎಂಥದು ಅನ್ನುವುದು ತಾನಾಗಿ ಬಯಲಾಗುತ್ತಿತ್ತು.

ನೋಡಿ ನೋಡಿಯೇ ಕಲಿತೆ. ನಾಲ್ಕನೆಯವರು ಬರುವುದು ತಡವಾದರೆ ನನ್ನನ್ನು ಕೂಡಿಸುತ್ತಿದ್ದರು. ಅವರು ಬಂದ ಕೂಡಲೇ ಎದ್ದು ನಿಲ್ಲಬೇಕು. ಪೂರ್ತಿ ಆಟ ಒಂದು ದಿನವೂ ಕುಳಿತು ಆಡಲಿಲ್ಲ.

ಈಗ ಮೊಬೈಲಿನಲ್ಲಿ ಆಡುತ್ತೇನೆ. ಅಲ್ಲಿ ಯಾರೂ ಎದ್ದು ನಿಲ್ಲು ಅನ್ನುವುದಿಲ್ಲ. ಮಗಳನ್ನು ಖಾನಾಪುರಕ್ಕೆ ಕೊಟ್ಟಿದ್ದೇವೆ. ಅವಳ ಮಗಳೇ ಈ ಮೊಮ್ಮಗಳು, ಕಾಲೇಜಿನ ಕೊನೆಯ ವರ್ಷ. ಸೂಟಿಯಲ್ಲಿ ನಮ್ಮ ಮನೆಗೆ ಬಂದಾಗ ಕಲಿಸಿದೆ. ಅವಳು ಬೀಡಿಯ ತನ್ನ ಗೆಳತಿಗೆ ಕಲಿಸಿದಳು. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿ, ಮೂರು ಮಾತಾಡುವ ಕಡೆ ಒಂದು ಆಡುವವಳು, ಎಲೆ ಮಾತ್ರ ಮರೆಯುವುದಿಲ್ಲ. ಇಬ್ಬರೂ ಜೋಡಿ. ಆದರೆ ಇಬ್ಬರೂ ಇಲ್ಲಿಯವರೆಗೆ ಖರೇ ಮೇಜಿನ ಮುಂದೆ ಕುಳಿತವರಲ್ಲ. ಹದಿಮೂರು ಎಲೆಯನ್ನು ಬೆರಳಲ್ಲಿ ಬೀಸಣಿಗೆಯ ಹಾಗೆ ಹಿಡಿಯುವುದು ಹೇಗೆ ಅಂತ ನಾನು ತೋರಿಸಿದಾಗ ಮೊಮ್ಮಗಳ ಎಲೆಗಳೆಲ್ಲ ಚಾಪೆಯ ಮೇಲೆ ಬಿದ್ದವು. "ಒಮ್ಮೆರ ಖರೇ ಬೋರ್ಡ್ ಮುಟ್ಟಿ ಆಡಬೇಕಜ್ಜಾ" ಅಂದಿದ್ದಳು.

ಹುಬ್ಬಳ್ಳಿಯ ಪಂದ್ಯ ಖರೇ ಮೇಜಿನದು. ನಮ್ಮ ಕಡೆಯಿಂದ ಎರಡು ಜೋಡಿ ಹೋಗಬೇಕು. ಹಿಂದಿನ ಸಲ ಗೆದ್ದವರದು ಒಂದು ಜೋಡಿ ಮೊದಲೇ ನಿಶ್ಚಯ. ಉಳಿದದ್ದು ಒಂದೇ ಜೋಡಿಯ ಜಾಗ. ಮೊಬೈಲಿನಲ್ಲಿ ಬ್ರಿಜ್ ಆಡುವ ನಮ್ಮ ಗುಂಪನ್ನು ನಡೆಸುವವರು ಟಿಳಕವಾಡಿಯ ಒಬ್ಬ ನಿವೃತ್ತ ಮಾಸ್ತರರು. ನಾಲ್ಕು ರವಿವಾರ ಮಧ್ಯಾಹ್ನ ಮೊಬೈಲಿನಲ್ಲಿ ಆಡಿಸುತ್ತೇನೆ, ದಿನಕ್ಕೆ ಹದಿನಾರು ಬೋರ್ಡು, ಯಾರು ಮೇಲೆ ಬರುತ್ತಾರೋ ಅವರು ಹುಬ್ಬಳ್ಳಿಗೆ ಅಂದರು. ಜನ ಹೆಚ್ಚಾದರು ಅಂತ ಮೊಬೈಲಿನಲ್ಲೇ ಎರಡು ಕೋಣೆ ಮಾಡಿದರು, ಬೆಳಗಾವಿಯವರದು ಒಂದು, ಖಾನಾಪುರದವರದು ಒಂದು. ಕೋಣೆಗೆ ಐದೈದು ಮೇಜು. ನಾನೂ ನಮ್ಮ ಓಣಿಯ ಟೇಲರನೂ ಜೋಡಿಯಾಗಿ ಬೆಳಗಾವಿ ಕೋಣೆಯಲ್ಲಿ ಆಡಿದೆವು, ಮಾಸ್ತರರೂ ಅಲ್ಲೇ ಆಡಿದರು.

ನನಗೆ ಮೊದಲ ಹೇಸಿಗೆ ಹುಟ್ಟಿದ್ದು ಇಲ್ಲಿಂದಲೇ. ಬೆಳಗಾವಿಯ ಕೋಣೆಯಲ್ಲಿ ದೊಡ್ಡ ಜನ. ನೆಹರು ನಗರದ ಡಾಕ್ಟರರು, ನಿವೃತ್ತ ಅಧಿಕಾರಿಗಳು. ಮನೆಯಲ್ಲಿ ಹೊತ್ತು ಹೋಗದೆ ಹೋದ ವರ್ಷ ಕಲಿತವರೇ ಹೆಚ್ಚು. ಯಾವ ಎಲೆ ಹೋಯಿತು, ಯಾವುದು ಉಳಿಯಿತು ಅನ್ನುವ ನೆನಪೇ ಇಲ್ಲ. ಖಾನಾಪುರದ ಕೋಣೆಯಲ್ಲಿ ಇದ್ದವರು ಪ್ಯಾಸೆಂಜರ್ ಗಾಡಿಯವರು. ಇಪ್ಪತ್ತು ಇಪ್ಪತ್ತೈದು ವರ್ಷ ಖಾನಾಪುರದಿಂದ ಬೆಳಗಾವಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಬಂದು ಹೋದ ಜನ. ಮೊಣಕಾಲ ಮೇಲೆ ಪೇಪರು ಹಾಸಿ, ಗಾಡಿ ಅಲುಗಾಡುವಾಗಲೇ ಬ್ರಿಜ್ ಆಡಿದವರು. ಮೂರನೇ ಎಲೆ ಬೀಳುವುದರೊಳಗೆ ನಿನ್ನ ಕೈಯಲ್ಲಿ ಏನಿದೆ ಅಂತ ಮರಾಠಿಯಲ್ಲಿ ಹೇಳಿ ನಗುವ ಜನ. ನನ್ನ ಇಬ್ಬರು ಹುಡುಗಿಯರು ಆ ಹುಲಿಗಳ ನಡುವೆ ಆಡಿದರು. ಬೆಳಗಾವಿಯವರು ಆ ಕೋಣೆಗೆ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಹಳ್ಳಿ ಕೋಣೆ ಅಂತ ಹೆಸರಿಟ್ಟಿದ್ದರು.

ನಾಲ್ಕು ರವಿವಾರ ಮುಗಿದವು. ಮಾಸ್ತರರು ಎರಡೂ ಕೋಣೆಯ ನೂರಕ್ಕೆ ಇಷ್ಟು ಅನ್ನುವ ಅಂಕಗಳನ್ನು ಒಂದೇ ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ಬರೆದು ಕಳಿಸಿದರು. ಎಲ್ಲರಿಗಿಂತ ಮೇಲೆ ಬೆಳಗಾವಿ ಕೋಣೆಯ ಒಬ್ಬ ಸಾಹೇಬರು, ಅರವತ್ತಾರು. ನನ್ನ ಮೊಮ್ಮಗಳ ಜೋಡಿ ಐವತ್ತನಾಲ್ಕು, ಎಲ್ಲೋ ನಡುವೆ.

ಈ ಸಾಹೇಬರು ನನಗೆ ಹೊಸಬರಲ್ಲ. ಕ್ಲಬ್ಬಿನಲ್ಲಿ ಅವರ ಮೇಜಿಗೆ ನಾನೇ ಬೋರ್ಡು ಒಯ್ಯುತ್ತಿದ್ದೆ. ಗ್ರೂಪಿನಲ್ಲಿ ಅವರಿಗೆ ಹೂವು, ಕೈಮುಗಿದ ಚಿತ್ರ, ಬಂಗಾರದ ಬಟ್ಟಲಿನ ಚಿತ್ರ, ಒಂದರ ಮೇಲೆ ಒಂದು ಬಂದವು. ಸಾಹೇಬರಿಗೆ ಸರಿಸಾಟಿ ಇಲ್ಲ ಅಂತ ಒಬ್ಬರು, ಹಳ್ಳಿ ಕೋಣೆಯವರು ಇವರನ್ನು ನೋಡಿ ಕಲಿಯಬೇಕು ಅಂತ ಇನ್ನೊಬ್ಬರು. ಓದುತ್ತಾ ಓದುತ್ತಾ ನನಗೆ ವಾಕರಿಕೆ ಬಂತು. ಬರೀ ಕಲಿಯುವವರ ನಡುವೆ ಕುಳಿತು ಗಳಿಸಿದ ಅರವತ್ತಾರನ್ನು, ಹುಲಿಗಳ ನಡುವೆ ಗಳಿಸಿದ ಐವತ್ತನಾಲ್ಕರ ತಲೆಯ ಮೇಲೆ ಇಟ್ಟಿದ್ದರು. ಒಂದನೇ ಇಯತ್ತೆಯ ಪರೀಕ್ಷೆಯಲ್ಲಿ ಅರವತ್ತಾರು ಬಂದವನು ಹತ್ತನೆಯ ಇಯತ್ತೆಯಲ್ಲಿ ಐವತ್ತನಾಲ್ಕು ಬಂದವನಿಗಿಂತ ಜಾಣ ಅಂದ ಹಾಗೆ. ನಾಲ್ಕನೇ ಇಯತ್ತೆ ಓದಿದ ನನಗೆ ತಿಳಿದದ್ದು ಇಷ್ಟು ಓದಿದ ಆ ಜನಕ್ಕೆ ತಿಳಿಯಲಿಲ್ಲ. ತಿಳಿದೂ ಸುಮ್ಮನಿದ್ದರೋ ಏನೋ, ಅದು ಇನ್ನೂ ಅಸಹ್ಯ.

ಮೊಮ್ಮಗಳಿಗೆ ಫೋನು ಮಾಡಿದೆ.

"ಬಿಡಜ್ಜಾ, ಮುಂದಿನ ಸಲ ನೋಡೂಣು" ಅಂದಳು.

"ಯಾಕ ಬಿಡಬೇಕು? ನಿಮ್ಮ ಎರಡೂ ಕೋಣಿಗೆ ಬ್ಯಾರೆ ಬ್ಯಾರೆ ಎಲಿ ಹಾಕಿದ್ರ ನಾ ಬಿಡತಿದ್ದೆ. ನಿನಗ ಹೋದ ರವಿವಾರ ಏಳನೇ ಬೋರ್ಡಿನ್ಯಾಗ ಏನ ಬಂದಿತ್ತು, ಹೇಳು."

"ಹದಿಮೂರರಾಗ ಎಂಟು ಎಲಿ ಒಂದ ಜಾತಿದು, ಕರಿ ಇಸ್ಪೀಟಂದು ಬಂದಿದ್ದು. ಮರೀತೀನೇನು."

ಬೆಳಗಾವಿ ಕೋಣೆಯಲ್ಲಿ ಏಳನೆಯ ಬೋರ್ಡಿನಲ್ಲಿ ಅದೇ ಎಂಟು ಇಸ್ಪೀಟು ನನ್ನ ಜೋಡಿಯ ಟೇಲರನಿಗೆ ಬಂದಿತ್ತು. ಅವನು ಅಷ್ಟು ಎಲೆ ನೋಡಿ ಗಾಬರಿಯಾಗಿ ಆಟ ಕೆಡಿಸಿದ್ದ. ಅಂದರೆ ಮಾಸ್ತರರು ಎರಡೂ ಕೋಣೆಗೆ ಒಂದೇ ಎಲೆ ಹಾಕಿದ್ದರು. ಗೋಡೆ ಮಾತ್ರ ನಡುವೆ. ಗೋಡೆ ತೆಗೆದರೆ ಅದು ಹತ್ತು ಮೇಜಿನ ಒಂದೇ ಆಟ.

ಮೊಮ್ಮಗಳು ಎರಡೂ ಕೋಣೆಯ ಎಲ್ಲ ಮೇಜಿನ ಅಂಕಗಳನ್ನು ಮೊಬೈಲಿನಲ್ಲಿ ತೆಗೆಯುವುದು ಹೇಗೆ ಅಂತ ಹೇಳಿಕೊಟ್ಟಳು. ನಾನು ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಅರವತ್ತನಾಲ್ಕು ಚೀಟಿ ಮಾಡಿದೆ, ಬೋರ್ಡಿಗೆ ಒಂದು. ಓದುವವರು ಬೇಕಲ್ಲ. ನನ್ನ ಹೆಂಡತಿ ಏಳನೇ ಇಯತ್ತೆ ಕಲಿತವಳು, ಅದನ್ನು ಆಗಾಗ ನೆನಪಿಸುವವಳು.

"ಮನ್ಯಾಗ ಇಸ್ಪೀಟ ಬ್ಯಾಡ ಅಂತ ನಲವತ್ತ ವರ್ಷ ಒದರೀನಿ" ಅಂದಳು, "ಈಗ ನನ್ನ ಕಡಿಂದನ ಓದಸ್ತೀರಿ."

"ನಿನ್ನ ಮೊಮ್ಮಗಳ ಸಲವಾಗಿ ಓದು."

"ಅಕಿ ಸಲವಾಗಿ ಅಂತನ ಕುಂತೀನಿ. ನಿಮ್ಮ ಸಲವಾಗಿ ಅಲ್ಲ. ಹ್ಞೂಂ, ಬರಕೋರಿ."

ಮೂರು ಮಧ್ಯಾಹ್ನ ಹಿಡಿಯಿತು. ಅವಳು ಓದಿದಳು, ನಾನು ಬರೆದೆ. ಒಂದು ಚೀಟಿಯಲ್ಲಿ ಹತ್ತು ಮೇಜಿನ ಅಂಕ. ಅದೇ ಎಲೆ ಹಿಡಿದ ಎಷ್ಟು ಜೋಡಿಗಿಂತ ಮೇಲಿದ್ದಾರೋ ಅಷ್ಟು ಗೀಟು, ಸರಿಸಮ ಇದ್ದರೆ ಅರ್ಧ ಗೀಟು. ಕ್ಲಬ್ಬಿನಲ್ಲಿ ಮಾಡುತ್ತಿದ್ದದ್ದು ಇದನ್ನೇ. ಚೀಟಿಯ ಮೇಲೆ ಚೀಟಿ ಹೋದ ಹಾಗೆ ಸಾಹೇಬರ ಗೀಟು ಇಳಿಯುತ್ತಾ ಬಂತು, ಹುಡುಗಿಯರದು ಏರುತ್ತಾ ಬಂತು. ಬೆಳಗಾವಿ ಕೋಣೆಯಲ್ಲಿ ಸಾಹೇಬರನ್ನು ರಾಜನನ್ನಾಗಿ ಮಾಡಿದ ಅಂಕವನ್ನು ಖಾನಾಪುರದಲ್ಲಿ ಐದು ಮೇಜಿನವರೂ ಮಾಡಿದ್ದರು. ನನ್ನ ಹೆಂಡತಿ ಓದುವ ದನಿಯೇ ಬದಲಾಯಿತು. ಚಹಾ ಮರೆತಳು.

ಎಲ್ಲ ಕೂಡಿಸಿದಾಗ ಸಾಹೇಬರು ಇನ್ನೂ ಮೇಲೆಯೇ ಇದ್ದರು, ಕೂದಲೆಳೆಯಷ್ಟು. ಎರಡನೆಯವರು ನಮ್ಮ ಹುಡುಗಿಯರು.

ಎಲ್ಲಿಂದ ಬಂತು ಈ ಕೂದಲೆಳೆ ಅಂತ ಚೀಟಿಗಳನ್ನು ಮತ್ತೆ ತಿರುವಿದೆ. ಖಾನಾಪುರದ ಹುಲಿಗಳಿಗಿಂತಲೂ ಸಾಹೇಬರು ಮೇಲೆ ಹೋಗಿದ್ದ ಚೀಟಿ ಕೆಲವೇ ಇದ್ದವು. ಅದರಲ್ಲಿ ಮೂರು ಅವರು ನನ್ನ ಮೇಜಿಗೆ ಬಂದು ಆಡಿದವು.

ಆಗ ನೆನಪಾಯಿತು. ಮೊಬೈಲಿನ ಆಟದಲ್ಲಿ ಎಲೆ ತಪ್ಪಿ ಹಾಕಿದರೆ ವಾಪಸ್ ಕೇಳುವ ಒಂದು ಗುಂಡಿ ಇದೆ. ಕೇಳಿದರೆ ಎದುರಿನವರ ಮೊಬೈಲಿನಲ್ಲಿ ಎರಡು ಗುರುತು ಬರುತ್ತವೆ. ಹಸಿರು ಒತ್ತಿದರೆ ಆಯಿತು, ತಗೊಳ್ಳಿ. ಕೆಂಪು ಒತ್ತಿದರೆ ಇಲ್ಲ. ಬೆರಳು ಜಾರಿದ್ದಕ್ಕೆ ಅಂತ ಮಾಡಿದ್ದು ಅದು. ಸಾಹೇಬರು ರಾಣಿ ಹಾಕಿ, ನಾನು ರಾಜ ಹಾಕಿದ ಮೇಲೆ ವಾಪಸ್ ಕೇಳಿದ್ದರು. ಅದು ಬೆರಳು ಜಾರಿದ್ದಲ್ಲ, ಬುದ್ಧಿ ಜಾರಿದ್ದು. ನನ್ನ ಹೆಬ್ಬೆರಳು ತಾನಾಗಿ ಹಸಿರಿನ ಮೇಲೆ ಹೋಗಿತ್ತು. ಮೂರು ಸಲ. ಪೀರನವಾಡಿಯ ನಮ್ಮ ಕಟ್ಟೆಯ ಮೇಲೆ ಕುಳಿತೇ ನಾನು ಕ್ಲಬ್ಬಿನ ಆ ಬಿಳಿ ಕೋಟು ತೊಟ್ಟುಕೊಂಡಿದ್ದೆ. ಥೂ. ಗ್ರೂಪಿನಲ್ಲಿ ಹೂವು ಹಾಕಿದವರನ್ನು ನೋಡಿ ವಾಕರಿಕೆ ಅಂದೆನಲ್ಲ, ನಾನು ಹೂವಿನ ಬದಲು ಆಟವನ್ನೇ ಎತ್ತಿ ಕೊಟ್ಟಿದ್ದೆ.

ಕ್ಲಬ್ಬಿನಲ್ಲಾದರೋ, ಬಿದ್ದ ಎಲೆ ಬಿತ್ತು. ದೊಡ್ಡ ಅಧಿಕಾರಿ ಇದ್ದರೂ ಎತ್ತುವಂತಿರಲಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಆ ಮೂರು ಚೀಟಿ ಎತ್ತಿ ಬೇರೆ ಇಟ್ಟಳು.

"ನೀವು ವಾಪಸ್ ಕೊಟ್ಟದ್ದು ಅವರ ಎಲಿ ಅಲ್ರೀ, ನಮ್ಮ ಹುಡುಗೀದು ಹುಬ್ಬಳ್ಳಿಗೆ ಹೋಗೂ ಪಾಳಿ" ಅಂದಳು.

ನಿನ್ನೆ ಹನ್ನೊಂದಕ್ಕೆ ಚೀಟಿಗಳನ್ನು ಸಂಚಿಯಲ್ಲಿ ಹಾಕಿಕೊಂಡು ಟಿಳಕವಾಡಿಗೆ ಹೋದೆ. ಮಾಸ್ತರರ ಪಡಸಾಲೆಯಲ್ಲಿ ಸಾಹೇಬರು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದರು. ಹುಬ್ಬಳ್ಳಿಗೆ ಹೆಸರು ಕಳಿಸುವ ದಿನ ಅದು. ಅವರನ್ನು ನೋಡಿದ ಕೂಡಲೇ ಬಾಗಿಲ ಹತ್ತಿರವೇ ನಿಂತೆ, ಹಳೆಯ ಚಾಳಿ.

"ಏನೋ, ಅರಾಮದೀ? ಕುಂದರು" ಅಂದರು ಸಾಹೇಬರು.

"ಇರಲ್ರೀ ಸಾಹೇಬ್ರ."

ಹೋದಾಗೆಲ್ಲ ಹಿತ್ತಲಿನ ಸೌತೆಕಾಯಿ ಒಯ್ಯುತ್ತಿದ್ದೆ, ಮಾಸ್ತರರು ಸಂಚಿ ನೋಡಿ, "ಸೌತಿಕಾಯಿ ತಂದ್ರೇನು?" ಅಂದರು.

"ಚೀಟಿ ತಂದೀನ್ರೀ ಮಾಸ್ತರ. ಎರಡೂ ಕೋಣಿ ಕೂಡಿಸೀನಿ."

"ಹ್ಯಾಂಗ ಕೂಡಸ್ತೀರಿ? ಆಡಿದವರು ಬ್ಯಾರೆ."

"ಆಡಿದವರು ಬ್ಯಾರೆ ರೀ. ಎಲಿ ಒಂದ."

ಮಾಸ್ತರರ ಮುಖ ಕೆಂಪಾಯಿತು. "ನನಗ ಒಂದ ಸಲ ಎಲಿ ಹಾಕಾಕ ಬಂತು. ಅದನ್ನ ಎರಡೂ ಕಡೆ ಹಚ್ಚಿದೆ. ಬ್ಯಾರೆ ಮಾಡೂದು ತಿಳೀಲಿಲ್ಲ" ಅಂದರು. ಗಣಿತದ ಮಾಸ್ತರರು ಅವರು. ಎರಡು ಚೀಟಿ ನೋಡಿದ್ದೇ ಸಾಕಾಯಿತು, ಮೂರನೆಯದನ್ನು ಕೇಳದೆ ನೆಲದ ಮೇಲೆ ಎಲ್ಲ ಹರಡಿಕೊಂಡು ಕುಳಿತರು. ಕೊನೆಗೆ, "ಲೆಕ್ಕ ಬರೋಬ್ಬರಿ ಐತಿ. ನಾನ ಮೊದಲ ಹಿಂಗ ಮಾಡಬೇಕಾಗಿತ್ತು" ಅಂದರು.

ಸಾಹೇಬರು ಬಾಗಿ ನೋಡಿದರು. "ಅಂದ್ರ ಈಗೂ ನಾನ ಮ್ಯಾಲ ಇದ್ದೀನಿ."

"ಹೌದ್ರಿ."

"ಮತ್ತ ಇಷ್ಟು ತ್ರಾಸ ಯಾಕ ತಗೊಂಡಿ?" ಅಂತ ನಕ್ಕರು.

ನನ್ನದು ಮೂವತ್ತು ವರ್ಷ ಅವರಿಗೆ ಹೌದ್ರಿ ಅಂದ ನಾಲಿಗೆ. ಕುರ್ಚಿ ಎಳೆದುಕೊಂಡು ಕುಳಿತೆ.

"ಸಾಹೇಬ್ರ, ಈ ಮೂರು ಬೋರ್ಡಿನ್ಯಾಗ ನೀವು ಬಿದ್ದ ಎಲಿ ವಾಪಸ್ ತಗೊಂಡೀರಿ. ನಾ ಕೊಟ್ಟೀನಿ. ಕೊಡಬಾರದಿತ್ತು. ಕ್ಲಬ್ಬಿನ್ಯಾಗ ನೀವ ಯಾರಿಗೂ ಎತ್ತಾಕ ಬಿಡತಿದ್ದಿಲ್ಲ. ಈ ಮೂರೂ ಚೀಟಿ ಎಲ್ಲಾರ ಲೆಕ್ಕದಿಂದನೂ ತೆಗೀಬೇಕ್ರಿ."

ಸಾಹೇಬರ ನಗೆ ಅಲ್ಲಿಯೇ ನಿಂತಿತು. "ಗುಂಡಿ ಐತಿ, ಒತ್ತಿದೆ. ನೀ ಬ್ಯಾಡ ಅಂದಿದ್ರ ಮುಗೀತಿತ್ತು."

"ಅದಕ್ಕ ಹೇಳಾಕತ್ತೀನ್ರೀ, ತಪ್ಪು ನಂದೂ ಐತಿ."

ಆಗ ಮಾಸ್ತರರು ನೆಲದಿಂದ ತಲೆ ಎತ್ತದೆಯೇ ಇನ್ನೆರಡು ಚೀಟಿ ಆರಿಸಿ ಬದಿಗೆ ಇಟ್ಟರು. "ಇವೆರಡು ನನ್ನ ಮೇಜಿಂದು. ನಾನೂ ಕೊಟ್ಟೀನಿ" ಅಂದರು.

ಸಾಹೇಬರು ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು. ಕ್ಲಬ್ಬಿನಲ್ಲಿ ಕೆಟ್ಟ ಆಟ ಆಡಿದವರನ್ನು ನೋಡುತ್ತಿದ್ದ ನೋಟವೇ ಅದು, ಈ ಸಲ ಮಾತ್ರ ಅದು ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ತಮ್ಮ ಕೈಯ ಮೇಲೇ ಬಂದು ನಿಂತಿತು.

"ಮೊದಲನೇ ಸಲ ಖರೇನ ಬೆರಳು ಜಾರಿತ್ತು" ಅಂದರು ಸಣ್ಣ ದನಿಯಲ್ಲಿ. "ಕೊಟ್ರಿ. ಆಮ್ಯಾಲ ಕೇಳಿದ್ದಕ್ಕೂ ಕೊಟ್ರಿ. ನಾ ಏನು ಸಣ್ಣ ಕೂಸೇನು, ನನ್ನ ಗೆಲ್ಲಸಾಕ? ಹೇಸಿಕಿ ಕೆಲಸ ಮಾಡೀರಿ. ನಾನೂ ಮಾಡೀನಿ. ತಗೀರಿ ಆ ಐದೂ."

ಐದರಲ್ಲಿ ಒಂದು ಏಳನೆಯ ಬೋರ್ಡು, ನನ್ನ ಮೊಮ್ಮಗಳು ಎಂಟು ಇಸ್ಪೀಟು ಹಿಡಿದು ಎಲ್ಲರಿಗಿಂತ ಮೇಲೆ ಹೋಗಿದ್ದು. ಅದೂ ಹೋಯಿತು. ಮಾಸ್ತರರು ಉಳಿದ ಐವತ್ತೊಂಬತ್ತು ಚೀಟಿಯ ಗೀಟು ಎಣಿಸಲು ಕುಳಿತರು. ಒಮ್ಮೆ ಎಣಿಸಿದರು. ಸಾಹೇಬರು, "ಮತ್ತೊಮ್ಮೆ ಎಣಸ್ರಿ, ಆಮ್ಯಾಲ ಮಾತು ಬ್ಯಾಡ" ಅಂದರು. ಮತ್ತೊಮ್ಮೆ ಎಣಿಸಿದರು. ಖಾನಾಪುರದ ಹುಡುಗಿಯರು ಮೊದಲು, ಆಮೇಲೆ ಪ್ಯಾಸೆಂಜರ್ ಗಾಡಿಯ ಎರಡು ಜೋಡಿ. ಸಾಹೇಬರು ನಾಲ್ಕನೆಯವರು.

"ಯಾರ ಮನಿ ಹುಡುಗಿ?" ಅಂತ ಕೇಳಿದರು ಸಾಹೇಬರು.

"ನನ್ನ ಮೊಮ್ಮಗಳ್ರಿ."

ಮಾಸ್ತರರು ಗಕ್ಕನೆ ನನ್ನ ಕಡೆ ತಿರುಗಿದರು. ಅನುಮಾನ ಬರುವುದು ಸಹಜ. ಸಾಹೇಬರು ಕೈ ಅಡ್ಡ ಮಾಡಿದರು. "ಮೊಮ್ಮಗಳಿದ್ರ ಏನಾತು, ಅಕಿದು ಛಲೋ ಬೋರ್ಡೂ ಇಂವನ ತಗದ ಕೊಟ್ಟಾನ. ಬರೀರಿ ಹೆಸರು." ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ನನಗೆ, "ಮುಂದಿನ ರವಿವಾರ ನಾ ಎಲಿ ಕೇಳಿದ್ರ ಕೆಂಪ ಒತ್ತು" ಅಂದರು. ಅವರ ಮೇಲೆ ಇದ್ದ ಹೇಸಿಗೆ ಅಷ್ಟಕ್ಕೆ ಹೋಯಿತು ಅಂದರೆ ಸುಳ್ಳು. ಅರ್ಧ ಹೋಯಿತು. ಗ್ರೂಪಿನಲ್ಲಿ ಮಾತ್ರ ಹೂವು ಹಾಕಿದ ಅದೇ ಕೈಗಳು ಸಂಜೆಯೊಳಗೆ ನಮ್ಮ ಹುಡುಗಿಯರಿಗೂ ಅವೇ ಹೂವು, ಅವೇ ಬಟ್ಟಲು ಹಾಕಿದವು. ಅದನ್ನು ನೋಡಿ ಮತ್ತೆ ವಾಕರಿಕೆ ಬಂತು, ಮೊಬೈಲು ಮುಚ್ಚಿ ಜೇಬಿಗೆ ಹಾಕಿದೆ.

ಹೆಂಡತಿಯನ್ನು ಕರೆದುಕೊಂಡು ಖಾನಾಪುರದ ಬಸ್ಸು ಹತ್ತಿದೆ. ಮಾಸ್ತರರ ಮನೆಯಲ್ಲಿ ನಡೆದದ್ದನ್ನು ಬಸ್ಸಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾ ಹೋದೆ, ಅವಳು ಬೇಡ ಅನ್ನಲಿಲ್ಲ. ಬಾಗಿಲಲ್ಲೇ ಮೊಮ್ಮಗಳು ನಿಂತಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು. ಬೀಡಿಯಿಂದ ಗೆಳತಿಯನ್ನೂ ಅವಳ ಅಪ್ಪ ಬೈಕಿನಲ್ಲಿ ಕರೆತಂದಿದ್ದರು.

"ಏಳನೇ ಬೋರ್ಡೂ ಕೊಟ್ಟ ಬಂದಿಯಂತ" ಅಂದಳು ಮೊಮ್ಮಗಳು ಆಮೇಲೆ. "ಇಸ್ಪೀಟ ಎಂಟು ಎಲಿ ಮತ್ತ ಯಾವಾಗ ಬರ್ತಾವಜ್ಜಾ?"

"ಹುಬ್ಬಳ್ಯಾಗ ಬರ್ತಾವ. ಕೆಳಗ ಬೀಳದಾಂಗ ಹಿಡಿ ಮೊದಲ."

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಊಟಕ್ಕೆ ಕುಳಿತೆವು. ಮಗಳು ರೊಟ್ಟಿ ಬಡಿದು ಬಡಿದು ಹಾಕುತ್ತಿದ್ದಳು, ಬದನೆಕಾಯಿ ಪಲ್ಯ, ಝುಣಕ, ಮೊಸರು. ಬೆಳಗಾವಿಯಿಂದ ನಾನು ಒಯ್ದ ಕುಂದಾದ ಡಬ್ಬಿ ನಡುವೆ. ಅಳಿಯ ನಗುತ್ತಾ, ಮಾವಾರು ಸಾಹೇಬರ ಮುಂದೆ ಕುರ್ಚಿಯಲ್ಲಿ ಕುಳಿತರಂತೆ ಅಂತ ಗೆಳತಿಯ ಅಪ್ಪನಿಗೆ ಹೇಳುತ್ತಿದ್ದ. ನನ್ನ ಹೆಂಡತಿ ಚೀಟಿ ಓದಿದ್ದು ತಾನೇ ಅಂತ ನಡುನಡುವೆ ಸೇರಿಸುತ್ತಿದ್ದಳು. ಮೊಮ್ಮಗಳು ನನ್ನ ತಾಟಿಗೆ ಮೂರನೆಯ ರೊಟ್ಟಿ ಹಾಕಿದಳು. ಸಾಕು ಅಂತ ನಾನು ಅದನ್ನು ಎತ್ತಿ ಅವಳ ಬುಟ್ಟಿಗೆ ಇಡಲು ಹೋದೆ.

"ಬಿದ್ದದ್ದು ಬಿತ್ತಜ್ಜಾ" ಅಂದಳು. ಮಾತಾಡದ ಆ ಗೆಳತಿಯೂ ನಕ್ಕಳು. ನಾನು ರೊಟ್ಟಿ ಮುರಿದೆ.